ಪಟ್ಟಿಯಲ್ಲಿಲ್ಲದ ಪೆಟ್ಟು

‘ಬುರುಡಿ ತುಂಡ ಹೊಟ್ಟ್ಯಾಗ ಇಟ್ಟಾರ್ರೀ.’

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಊರಲ್ಲಾದರೂ ಸರಿ, ತಲೆಗೆ ಪೆಟ್ಟು ಬಿದ್ದು ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡಲು ಹೋದರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ಮುಖದಲ್ಲಿ ಅಂಜಿಕೆಯೂ ಇರುತ್ತದೆ, ಬೆರಗೂ ಇರುತ್ತದೆ. ಸಂಗತಿ ನಿಜವೇ. ಪೆಟ್ಟು ತಿಂದ ಮೆದುಳು ಬಾತುಕೊಂಡಾಗ ಗಟ್ಟಿ ಬುರುಡೆಯೊಳಗೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ಒತ್ತಡ ಏರುತ್ತ ಹೋದರೆ ಮೆದುಳಿಗೆ ರಕ್ತ ಹರಿಯುವುದೇ ನಿಲ್ಲುತ್ತದೆ. ಆಗ ಶಸ್ತ್ರವೈದ್ಯರು ಬುರುಡೆಯ ಒಂದು ಪಾಲನ್ನು ತೆಗೆದು, ಅದು ಕೆಡದಿರಲೆಂದು ಹೊಟ್ಟೆಯ ಚರ್ಮದಡಿ ಇಟ್ಟು ಹೊಲಿಯುತ್ತಾರೆ. ಬಾವು ಇಳಿದು ಕೆಲವು ವಾರ ಅಥವಾ ತಿಂಗಳುಗಳಾದ ಮೇಲೆ ಅದನ್ನೇ ತೆಗೆದು ತಲೆಗೆ ಮರಳಿ ಜೋಡಿಸುತ್ತಾರೆ. ಅಲ್ಲಿಯವರೆಗೆ ಹಣೆಯ ಪಕ್ಕ ಒಂದು ಗುಳಿ. ಆ ಮಗ್ಗುಲಿಗೆ ಒತ್ತಿ ಮಲಗಿಸುವಂತಿಲ್ಲ. ಜೋಲಿ ತಪ್ಪಿ ಬಿದ್ದರೆ ಮೆದುಳಿಗೆ ಚರ್ಮವೊಂದೇ ಕಾವಲು. ಎದ್ದು ಓಡಾಡುವಾಗ ಹೆಲ್ಮೆಟ್ ಹಾಕಿಸಿ ಎನ್ನುತ್ತಾರೆ ವೈದ್ಯರು. ಗಾಡಿಯ ಮೇಲೆ ಹಾಕದೇ ಹೋದ ಹೆಲ್ಮೆಟ್ಟು ಹೀಗೆ ಪಡಸಾಲೆಯಲ್ಲಿ ತಲೆಗೇರುತ್ತದೆ.

ಬುರುಡೆಯ ಕಥೆ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ಊರಿಗೆಲ್ಲ ತಿಳಿಯುತ್ತದೆ. ಅದರ ಮುಂದಿನದು ಕಾಣುವುದಿಲ್ಲ. ಪೆಟ್ಟು ತಿಂದವನ ಕೈಕಾಲು ನೆಟ್ಟಗಿವೆ, ಉಣ್ಣುತ್ತಾನೆ, ಬಂದವರ ಗುರುತು ಹಿಡಿಯುತ್ತಾನೆ. ಆದರೆ ಬೆಳಿಗ್ಗೆ ಎತ್ತಿಗೆ ನೀರು ಕುಡಿಸಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಬಿಸಾಡುತ್ತಾನೆ. ಹತ್ತು ಜನ ಕೂತಲ್ಲಿ ಆಡಬಾರದ ಮಾತಾಡುತ್ತಾನೆ, ಇಲ್ಲವಾದರೆ ಮೂರು ತಾಸು ಗೋಡೆ ನೋಡುತ್ತ ಕೂರುತ್ತಾನೆ. ‘ಮೊದ್ಲಿನಂಗ ಇಲ್ರೀ ಅವ್ರು’ ಎಂದು ಹೆಂಡತಿ ಹೇಳುವುದು ಆಸ್ಪತ್ರೆಯಿಂದ ಬಂದ ಎರಡು ಮೂರು ತಿಂಗಳಿಗೆ. ಅಷ್ಟರಲ್ಲಿ ನೋಡಲು ಬರುವವರು ನಿಂತಿರುತ್ತಾರೆ.

ಈ ಸೀಮೆಯಲ್ಲಿ ತಲೆಗೆ ಪೆಟ್ಟು ಬೀಳಲು ಕಾರಣ ಹುಡುಕಬೇಕಾಗಿಲ್ಲ. ಶಿಗ್ಗಾವಿ, ಬಂಕಾಪುರದ ಮಗ್ಗುಲಿನಲ್ಲೇ ಪುಣೆ–ಬೆಂಗಳೂರು ಹೆದ್ದಾರಿ 48 ಹಾದುಹೋಗುತ್ತದೆ. ಹೊಲದಿಂದ ಮನೆಗೆ ಹೋಗುವ ಬೈಕು ಅದನ್ನು ಅಡ್ಡಹಾಯಲೇಬೇಕು. ಗೋವಿನಜೋಳದ ಸುಗ್ಗಿ ಬಂತೆಂದರೆ ಅರ್ಧ ರಸ್ತೆಯೇ ಕಣ. ತೆನೆ, ಕಾಳು ಹರವಿ ಸುತ್ತ ಕಲ್ಲಿಡುತ್ತಾರೆ. ಕತ್ತಲಾದ ಮೇಲೆ ಬೈಕಿನವನಿಗೆ ಆ ಕಲ್ಲು ಕಾಣುವುದು ಮುಂದಿನ ಗಾಲಿ ಅದನ್ನು ಹತ್ತಿದಾಗಲೇ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇನ್ನೊಂದು. ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬ ಶುರುವಾದರೆ ಹೋರಿಗೆ ಕಟ್ಟಿದ ಕೊಬ್ಬರಿ ಹರಿಯಲು ನುಗ್ಗುವ ಹುಡುಗರಷ್ಟೇ ಅಲ್ಲ, ಅಂಚಿನಲ್ಲಿ ನಿಂತು ನೋಡುವ ಮುದುಕರೂ ನೆಲಕ್ಕುರುಳುತ್ತಾರೆ. 2025ರ ದೀಪಾವಳಿಯಲ್ಲೂ ಈ ಸೀಮೆಯಲ್ಲಿ ಜೀವಗಳು ಹೋದವು. ಹಾನಗಲ್ ಕಡೆ ಅಡಿಕೆ, ತೆಂಗಿನ ಮರ ಹತ್ತುವವರಿದ್ದಾರೆ. ನಿಮ್ಹಾನ್ಸ್‌ನ ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ದೇಶದಲ್ಲಿ ವರ್ಷಕ್ಕೆ 15ರಿಂದ 20 ಲಕ್ಷ ಜನರ ಮೆದುಳಿಗೆ ಪೆಟ್ಟಾಗುತ್ತದೆ. ಅದರಲ್ಲಿ ಸುಮಾರು ಶೇ 60 ರಸ್ತೆಯದು, ಶೇ 20ರಿಂದ 25 ಬಿದ್ದಿದ್ದು, ಶೇ 10ರಷ್ಟು ಹೊಡೆದಾಟದ್ದು. ಹೋರಿಗೆ ಆ ಲೆಕ್ಕದಲ್ಲಿ ಬೇರೆ ಕಾಲಂ ಇಲ್ಲ.

2025ರ ಜನವರಿ 22, ಬುಧವಾರ. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ಕಾಯಿಪಲ್ಲೆ ತುಂಬಿಕೊಂಡು ಹೊರಟ ಲಾರಿ ಬೆಳಗಿನ ಜಾವ ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಮಾಲಿನ ಜೊತೆಯಲ್ಲೇ ಕೂತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಗಾಯಗೊಂಡವರನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸಾಗಿಸಿದರು. ಸತ್ತವರ ಹೆಸರು, ವಯಸ್ಸು, ಪರಿಹಾರದ ಮೊತ್ತ ಮರುದಿನದ ಪತ್ರಿಕೆಗಳಲ್ಲಿ ಬಂದವು. ಇಂಥ ಅಪಘಾತಗಳಲ್ಲಿ ‘ಗಾಯಾಳುಗಳು’ ಎಂಬ ಒಂದು ಸಂಖ್ಯೆ ಇರುತ್ತದಲ್ಲ, ಅದರ ಬೆನ್ನು ಹತ್ತಿ ಆರು ತಿಂಗಳ ಮೇಲೆ ಹೋಗುವ ರೂಢಿ ನಮ್ಮ ಪತ್ರಿಕೆಗಳಿಗೂ ಇಲ್ಲ, ಇಲಾಖೆಗಳಿಗೂ ಇಲ್ಲ.

ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಜಿಸಿಎಸ್’ ಎಂದು ಬರೆದು ಮುಂದೊಂದು ಅಂಕಿ ಇರುತ್ತದೆ. ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, 1974ರಲ್ಲಿ ಕೊಟ್ಟ ಅಳತೆಗೋಲು ಅದು. ಕಣ್ಣು ತೆರೆಯುತ್ತಾರೆಯೇ, ಮಾತಾಡುತ್ತಾರೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾರೆಯೇ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರ, 9ರಿಂದ 12 ನಡುತರ, 13ರಿಂದ 15 ಹಗುರ. ‘ಹಗುರ’ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಲೆ ಜೋರಾಗಿ ತಿರುಗಿ ಅಲುಗಿದಾಗ ಮೆದುಳಿನೊಳಗಿನ ಸೂಕ್ಷ್ಮ ನರತಂತುಗಳು ಎಳೆತಕ್ಕೆ ಸಿಕ್ಕು ಹರಿಯುತ್ತವೆ. ಸಿಟಿ ಸ್ಕ್ಯಾನಿನಲ್ಲಿ ಅದು ಎಷ್ಟೋ ಸಲ ಕಾಣುವುದಿಲ್ಲ. ‘ಸ್ಕ್ಯಾನಿಂಗ್ ನಾರ್ಮಲ್ ಬಂದೈತಿ, ಇವ ಸುಮ್ಮ ನಾಟಕ ಮಾಡ್ತಾನ’ ಎಂಬ ಅನುಮಾನಕ್ಕೆ ಎಷ್ಟು ಸಂಸಾರಗಳಲ್ಲಿ ಜಗಳವಾಗಿದೆಯೋ. ತಲೆನೋವು, ಬೆಳಕು ಸಹಿಸದಿರುವುದು, ಗದ್ದಲಕ್ಕೆ ರೇಗುವುದು, ಒಂದು ತಾಸಿನ ಕೆಲಸಕ್ಕೇ ಬಳಲುವುದು ಪೆಟ್ಟಿನ ಫಲವೇ ಹೊರತು ಸೋಗಲ್ಲ. ವಯಸ್ಸಾದವರದು ಇನ್ನೊಂದು ಬಗೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜ ಎದ್ದು ಅಡ್ಡಾಡಿಕೊಂಡೇ ಇದ್ದು, ಮೂರು ನಾಲ್ಕು ವಾರದ ಮೇಲೆ ಮಂಕಾಗುತ್ತಾನೆ, ಕಾಲೆಳೆಯುತ್ತಾನೆ. ಮನೆಯವರು ವಯಸ್ಸಿನ ಮೇಲೆ ಹಾಕುತ್ತಾರೆ. ಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಜಿನುಗಿ ಶೇಖರವಾಗಿರಬಹುದು; ಸಕಾಲಕ್ಕೆ ಗೊತ್ತಾದರೆ ಚಿಕಿತ್ಸೆಯಿಂದ ಮೊದಲಿನಂತಾಗುವ ಪೆಟ್ಟು ಇದು.

ನಡತೆ ಬದಲಾದರೆ ನಮ್ಮಲ್ಲಿ ಮೊದಲು ಹೋಗುವುದು ತಾಯತ ಕಟ್ಟಿಸಲು. ಮಠವಿರಲಿ, ದರ್ಗಾ ಇರಲಿ, ಹೋಗಿಬಂದರೆ ಮನೆಯವರ ಮನಸ್ಸಿಗೆ ಸಮಾಧಾನವಾದೀತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ‘ಗುಳಿಗಿ ಬಿಡ್ರಿ’ ಎನ್ನುವವರ ಬಗ್ಗೆ. ತಲೆಗೆ ಪೆಟ್ಟಾದವರಿಗೆ ವಾರಗಳ, ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರವೂ ಮೂರ್ಛೆ ಬರಬಹುದು. ಅದಕ್ಕೆ ಕೊಟ್ಟ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯ. ಕುಡಿತವೂ ಹಾಗೆಯೇ. ಪೆಟ್ಟಿಗೆ ಮುಂಚೆ ಎರಡು ಕ್ವಾರ್ಟರ್ ದಕ್ಕಿಸಿಕೊಳ್ಳುತ್ತಿದ್ದವನಿಗೆ ಈಗ ಅರ್ಧವೂ ಹೆಚ್ಚು. ಮೂರ್ಛೆ ಕರೆಯುತ್ತದೆ, ಸಿಟ್ಟು ಕೆರಳಿಸುತ್ತದೆ, ಮತ್ತೆ ಬೀಳಿಸುತ್ತದೆ.

ಹಾಸಿಗೆ ಹಿಡಿದವರ ಆರೈಕೆ ಒಂದು ಪೂರಾ ಕಸುಬು. ಆಸ್ಪತ್ರೆಯಲ್ಲಿ ಅದನ್ನು ಮೂರು ಪಾಳಿಯ ನರ್ಸುಗಳು ಹಂಚಿಕೊಂಡು ಮಾಡುತ್ತಾರೆ, ಮನೆಯಲ್ಲಿ ಒಬ್ಬ ಹೆಂಗಸು ಮಾಡುತ್ತಾಳೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಮೂಗಿನ ನಳಿಕೆಯಲ್ಲಿ ಊಟ ಕೊಡುವಾಗ ತಲೆಯ ಕಡೆ ಎತ್ತರವಿರಬೇಕು, ಕೊಟ್ಟ ಮೇಲೂ ಅರ್ಧ ತಾಸಿನ ಮಟ್ಟಿಗಾದರೂ ಮಲಗಿಸಬಾರದು. ಬಾಯಲ್ಲಿ ಕೊಡಬಹುದು ಎಂದು ವೈದ್ಯರು ಹೇಳಿದ ಮೇಲೆ ನೀರಿನಿಂದ ಶುರು ಮಾಡುವುದು ಸಾಮಾನ್ಯ ತಪ್ಪು. ನುಂಗುವ ಶಕ್ತಿ ಕುಂದಿದವರಿಗೆ ತೆಳ್ಳಗಿನ ನೀರೇ ಹೆಚ್ಚು ಅಪಾಯ, ಸರಕ್ಕನೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮಂದಗಿನ ಗಂಜಿ, ಅಂಬಲಿ ನಿಧಾನಕ್ಕೆ ಇಳಿಯುತ್ತವೆ. ಕೆಮ್ಮು, ಗೊರಗೊರ ದನಿ, ಊಟದ ನಂತರದ ಜ್ವರ ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇವು ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವ ಮಾತುಗಳಲ್ಲ. ಮನೆಯವರು ಎರಡು ದಿನ ಮುಂಚೆಯೇ ವಾರ್ಡಿನ ನರ್ಸಮ್ಮನ ಎದುರು ತಮ್ಮ ಕೈಯಾರೆ ಮಾಡಿ ಕಲಿಯಬೇಕು. ಕೇಳಿದರೆ ಕಲಿಸುತ್ತಾರೆ, ಕೇಳಲು ಧೈರ್ಯ ಬೇಕು, ಅಷ್ಟೇ.

ಚೇತರಿಕೆ ಮೊದಲ ಆರು ತಿಂಗಳಲ್ಲಿ ಬಿರುಸು, ಆಮೇಲೆ ನಿಧಾನ. ಒಂದು, ಎರಡು ವರ್ಷದವರೆಗೂ, ಕೆಲವರಲ್ಲಿ ಅದಕ್ಕೂ ಮೀರಿ ಸುಧಾರಣೆ ಕಾಣುತ್ತದೆ. ಕೈಕಾಲಿನ ವ್ಯಾಯಾಮದ ಬಗ್ಗೆ ಜನರಿಗೆ ಈಗ ಗೊತ್ತು. ನೆನಪಿಗೆ, ಗಮನಕ್ಕೆ ವ್ಯಾಯಾಮ ಉಂಟು ಎಂಬುದು ಗೊತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನಿ ಶೋಭಿನಿ ಎಲ್. ರಾವ್ ಮತ್ತು ಅವರ ಸಂಗಡಿಗರು ತಲೆಗೆ ಪೆಟ್ಟಾದವರಿಗಾಗಿ ಇಂಥ ಮರುತರಬೇತಿಯನ್ನು ಬೆಳೆಸಿದರು. ಮನೆಯಲ್ಲೇ ಮಾಡಬಹುದಾದ ಆ ಅಭ್ಯಾಸಗಳಲ್ಲಿ ಒಂದು ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಿಲ್ಲದ್ದು: ಕಾಳು ಆರಿಸುವುದು. ಬೇರೆ ಬೇರೆ ಕಾಳನ್ನು ಬೆರಸಿಟ್ಟು, ಒಂದೊಂದನ್ನೂ ಬೇರೆ ಮಾಡಲು ಹೇಳಿ, ಹಿಡಿದ ಸಮಯ ಬರೆದಿಡುತ್ತಾರೆ. ದಿನ ಕಳೆದಂತೆ ಕಾಳಿನ ಬಗೆ ಹೆಚ್ಚಿಸುತ್ತಾರೆ. ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನಷ್ಟೇ ಹೊಡೆದುಹಾಕುವುದು ಇನ್ನೊಂದು. ಮೊರದಲ್ಲಿ ತೊಗರಿ, ಹೆಸರು, ಕಡಲೆ ಬೆರಸಿಕೊಟ್ಟರೆ ಖರ್ಚೇನಿದೆ? ಆದರೆ ಗಂಡಸಿಗೆ ‘ಹೆಂಗಸರ ಕೆಲಸ’ ಅನ್ನಿಸಿ ಮೊರ ದೂಡುತ್ತಾನೆ. ಇದು ಔಷಧ ಎಂದು ಡಾಕ್ಟರ ಬಾಯಲ್ಲೇ ಹೇಳಿಸುವುದು ಒಳ್ಳೆಯದು. ನೆನಪು ಸೋತಲ್ಲಿ ಗೋಡೆಯ ಕ್ಯಾಲೆಂಡರು, ಫೋನಿನ ಅಲಾರಾಮು, ಅಂಗಿಯ ಕಿಸೆಯಲ್ಲೊಂದು ಚಿಕ್ಕ ಬುಕ್ಕು ಕೆಲಸ ಮಾಡುತ್ತವೆ. ಒಂದು ಹೊತ್ತಿಗೆ ಒಬ್ಬರೇ ಮಾತಾಡುವುದು, ಟಿವಿ ಆರಿಸುವುದು, ‘ಆಗ್ಲೇ ಹೇಳಿದ್ನಲ್ಲ’ ಎಂದು ಮೂದಲಿಸದಿರುವುದು ಕೂಡ ಚಿಕಿತ್ಸೆಯೇ.

ಇಷ್ಟೆಲ್ಲ ಹೊತ್ತವಳ ಪಾಡೇನು? ಅಮೆರಿಕದಲ್ಲಿ 1975ರ ಕಾರು ಅಪಘಾತದಲ್ಲಿ ಮಗಳ ತಲೆಗೆ ಪೆಟ್ಟಾದಾಗ ಮೆರಿಲಿನ್ ಸ್ಪಿವಾಕ್ ಎಂಬ ತಾಯಿ, ಜೀವ ಉಳಿಸಿದ ಆಸ್ಪತ್ರೆಯಾಚೆಗೆ ಏನೂ ಇಲ್ಲದ್ದನ್ನು ಕಂಡು 1980ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಇಂದಿನ ಅಮೆರಿಕದ ಬ್ರೈನ್ ಇಂಜುರಿ ಅಸೋಸಿಯೇಷನ್ ಬೆಳೆದದ್ದು ಅದರಿಂದ. ಬ್ರಿಟನ್ನಿನ ‘ಹೆಡ್‌ವೇ’ 1979ರದ್ದು. ನಮ್ಮಲ್ಲಿ ಜೋಧಪುರದ ರಾಜಮನೆತನದ ಶಿವರಾಜ್ ಸಿಂಗ್ 2005ರಲ್ಲಿ ಪೋಲೊ ಆಡುವಾಗ ಕುದುರೆಯಿಂದ ಬಿದ್ದು ಕೋಮಾಕ್ಕೆ ಹೋದರು. ತಂದೆ ಗಜ್ ಸಿಂಗ್ 2007ರಲ್ಲಿ ಇಂಡಿಯನ್ ಹೆಡ್ ಇಂಜುರಿ ಫೌಂಡೇಷನ್ ಆರಂಭಿಸಿದರು. ಅರಮನೆಗೂ ಆರೈಕೆಯ ದಾರಿ ಗೊತ್ತಿರಲಿಲ್ಲ ಎಂದಮೇಲೆ ಎರಡೆಕರೆ ಹೊಲದವರ ಮಾತೇನು. ಹುಬ್ಬಳ್ಳಿ ದಾಟಿ ಹಳ್ಳಿಗೆ ಬಂದವರಿಗೆ ಅಂಥದ್ದೊಂದು ಸಂಘ ಸಿಗುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಸರಕಾರಿ ಕಾಗದದಲ್ಲಿ ಈ ಪೆಟ್ಟಿಗೆ ಹೆಸರೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಪಾರ್ಕಿನ್ಸನ್ ಇದೆ, ಸೆರೆಬ್ರಲ್ ಪಾಲ್ಸಿ ಇದೆ, ಹಿಮೊಫಿಲಿಯಾ ಇದೆ. ಮೆದುಳಿನ ಪೆಟ್ಟು ಇಲ್ಲ. ರಾಜ್ಯದ 2024–25ರ ಬಜೆಟ್ಟಿನಲ್ಲಿ ಆರೈಕೆದಾರರಿಗೆ ತಿಂಗಳಿಗೆ ₹1,000 ಭತ್ಯೆ ಘೋಷಣೆಯಾಯಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ಅದು. ತಲೆಗೆ ಪೆಟ್ಟಾದವನ ಹೆಂಡತಿ ಅಲ್ಲಿಯೂ ಲೆಕ್ಕಕ್ಕಿಲ್ಲ. ಕೆಲಸ ಒಂದೇ, ರಾತ್ರಿಯ ಎಚ್ಚರ ಒಂದೇ. ಈ ಭೇದಕ್ಕೆ ನನಗಂತೂ ನ್ಯಾಯ ಕಾಣುವುದಿಲ್ಲ.

ತಲೆಬಾಗಿಲು ಇಲ್ಲದಿದ್ದರೂ ಪಕ್ಕದ ಬಾಗಿಲುಗಳಿವೆ. ಪಟ್ಟಿಯಲ್ಲಿ ‘ಪೆಟ್ಟು’ ಇಲ್ಲ, ಅದರ ಪರಿಣಾಮಗಳಿವೆ. ಒಂದು ಪಕ್ಕ ಬಿದ್ದಿದ್ದರೆ ದೈಹಿಕ ವೈಕಲ್ಯ. ಹೇಳಬೇಕಾದ್ದು ಗೊತ್ತಿದ್ದೂ ಮಾತು ಹೊರಡದಿದ್ದರೆ ‘ವಾಕ್ ಮತ್ತು ಭಾಷಾ ವೈಕಲ್ಯ’; ನರಸಂಬಂಧಿ ಕಾರಣದಿಂದ ಮಾತು ಹೋದದ್ದೂ ಅದರಲ್ಲಿ ಸೇರುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ನಡತೆ, ಮನಸ್ಸಿನ ಸ್ಥಿತಿ ಕೆಟ್ಟಿದ್ದರೆ ಮನೋವೈದ್ಯರ ಪರೀಕ್ಷೆ. ಒಂದಕ್ಕಿಂತ ಹೆಚ್ಚಿದ್ದರೆ ಬಹುವಿಧ ವೈಕಲ್ಯ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಿಂಚಣಿಯಂಥ ಸೌಲಭ್ಯಗಳ ದಾರಿ ತೆರೆಯುತ್ತದೆ. ಚೇತರಿಕೆ ನಡೆಯುತ್ತಿರುವಾಗ ಶಾಶ್ವತ ಪ್ರಮಾಣಪತ್ರಕ್ಕೆ ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಅದು ಸಹಜ. ತಾತ್ಕಾಲಿಕ ಪ್ರಮಾಣಪತ್ರ ಕೇಳಬಹುದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ಆನ್‌ಲೈನಿನದು. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವುದೇ ಇದಕ್ಕೆ. ಅವರಲ್ಲಿ ಬಹುತೇಕರು ತಾವೇ ಅಂಗವಿಕಲರು, ಗೌರವಧನ ಅಲ್ಪ, ಓಡಾಟ ಬಹಳ. ಅವರ ಫೋನ್ ನಂಬರು ಮನೆಯ ಗೋಡೆಯ ಮೇಲಿರಲಿ. ಪಂಚಾಯಿತಿಯ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ವೆಚ್ಚ ಮಾಡಬೇಕೆಂಬ ನಿಯಮವಿದೆ. ಗಾಲಿಕುರ್ಚಿ, ಗಾಳಿಹಾಸಿಗೆ, ಕಮೋಡ್ ಕುರ್ಚಿಯ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಇಡಬಹುದು.

ಹಣದ ಮಾತು. 2025ರ ಮೇ 5ರಂದು ಕೇಂದ್ರ ಸರಕಾರ ಅಧಿಸೂಚಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ ಏಳು ದಿನದ ಮಟ್ಟಿಗೆ ₹1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಹೋರಿ ಗುದ್ದಿದವರಿಗೆ, ಮರದಿಂದ ಬಿದ್ದವರಿಗೆ ಇದಿಲ್ಲ. ಅವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೇ ಗತಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ. ಪರಿಹಾರದ ದಾವೆಯ ವಿಷಯದಲ್ಲಿ ಜನ ಮೋಸ ಹೋಗುವುದು ಗಡುವಿನಲ್ಲಿ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅಪಘಾತವಾದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕೆನ್ನುತ್ತದೆ. ಮನೆಯವರು ಐಸಿಯು ಬಾಗಿಲಲ್ಲಿ ಕೂತಿರುವ ಆರು ತಿಂಗಳೂ ಅದೇ. ಆದ್ದರಿಂದ ಮನೆಯ ಒಬ್ಬರು ರೋಗಿಯನ್ನು ನೋಡಿಕೊಂಡರೆ ಇನ್ನೊಬ್ಬರು ಕಾಗದ ನೋಡಿಕೊಳ್ಳಬೇಕು: ಎಫ್‌ಐಆರ್, ಮೊದಲ ದಿನದ ಜಿಸಿಎಸ್ ಇರುವ ದಾಖಲೆ, ಸ್ಕ್ಯಾನ್ ವರದಿ, ಔಷಧದ ಬಿಲ್ಲು, ಬಾಡಿಗೆ ಕಾರಿನ ಚೀಟಿಯೂ ಸೇರಿ. ಆರೈಕೆಗೂ ಬೆಲೆಯಿದೆ ಎಂದು ಸುಪ್ರೀಂ ಕೋರ್ಟ್ 2020ರ ಒಂದು ತೀರ್ಪಿನಲ್ಲಿ ಲೆಕ್ಕ ಹಾಕಿ ತೋರಿಸಿತು. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬುದ್ಧಿಶಕ್ತಿ ಕಳೆದುಕೊಂಡ ಹನ್ನೆರಡು ವರ್ಷದ ಬಾಲಕಿಯ ಪ್ರಕರಣ ಅದು. ಆಕೆಗೆ ಇಬ್ಬರು ಸಹಾಯಕರು ಬೇಕು, ಒಬ್ಬರಿಗೆ ತಿಂಗಳಿಗೆ ₹5,000 ಎಂದು ಹಿಡಿದು, 18ರ ಗುಣಕದಿಂದ ಗುಣಿಸಿ ₹21.6 ಲಕ್ಷವನ್ನು ಆರೈಕೆಗೇ ಕೊಟ್ಟಿತು. ಬಜೆಟ್ಟಿನ ಕಣ್ಣಿಗೆ ಬೀಳದ ಕೆಲಸ ನ್ಯಾಯಾಲಯದ ಕಣ್ಣಿಗೆ ಬಿತ್ತು. ನಿಮ್ಮ ವಕೀಲರು ಈ ಬಾಬ್ತನ್ನು ಅರ್ಜಿಯಲ್ಲಿ ಕೇಳಿದ್ದಾರೆಯೇ ನೋಡಿಕೊಳ್ಳಿ.

ನಿದ್ದೆಗೆಟ್ಟ ಆರೈಕೆದಾರರಿಗೆ, ಸಿಟ್ಟು ತಡೆಯಲಾಗದ ರೋಗಿಗೆ ಹತ್ತಿರದ ಬಾಗಿಲು ತಾಲ್ಲೂಕು ಆಸ್ಪತ್ರೆಯದೇ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮಾನಸಿಕ ಆರೋಗ್ಯದ ತಪಾಸಣೆ ತರುವ ಏರ್ಪಾಡು 2014ರಿಂದ ಇದೆ. ನಿಮ್ಮ ಊರಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರಾಯಿತು. ಧಾರವಾಡದ ಡಿಮ್ಹಾನ್ಸ್ ಹಳೆಯ ಹುಚ್ಚಾಸ್ಪತ್ರೆಯೆಂದು ಜನ ಅತ್ತ ಮುಖ ಹಾಕಲು ಅಳುಕುತ್ತಾರೆ. ಪೆಟ್ಟಿನ ನಂತರದ ಸಿಟ್ಟಿಗೆ, ನಿದ್ದೆಗೇಡಿಗೆ ಔಷಧವಿದೆ, ಅದನ್ನು ತಿಳಿದವರು ಅಲ್ಲಿದ್ದಾರೆ. ಅಳುಕು ಬಿಡುವುದೇ ವಾಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದ ಕ್ಲಿನಿಕ್‌ಗಳು ಬಂದಿವೆ. ಮನೆಯಿಂದ ಹೊರಡಲಾಗದವರಿಗೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ. ‘ನನಗೆ ಸಾಕಾಗಿದೆ’ ಎಂದು ಹೇಳಿಕೊಳ್ಳಲೂ ಆ ನಂಬರು ಇದೆ.

ಹೊಸದಾಗಿ ಸಂಘ ಕಟ್ಟಬೇಕೆಂದರೆ ಅದೂ ಕಷ್ಟವಿಲ್ಲ. ಸ್ವಸಹಾಯ ಸಂಘದ ಸಭೆ ನಡೆಸಿ ಪಳಗಿದ ಹೆಂಗಸರು ಪ್ರತಿ ಹಳ್ಳಿಯಲ್ಲಿದ್ದಾರೆ. ಮಂಗಳವಾರದ ಆಸ್ಪತ್ರೆಯ ಬೆಂಚಿನ ಮೇಲೆ ತಲೆಗೆ ಪೆಟ್ಟಾದವರ ನಾಲ್ಕು ಮನೆಯವರು ಅಕ್ಕಪಕ್ಕ ಕೂತರೆ, ಗಾಳಿಹಾಸಿಗೆ ಎಲ್ಲಿ ಅಗ್ಗ, ಯಾವ ಅರ್ಜಿಗೆ ಯಾವ ಸಹಿ ಬೇಕು ಎಂಬುದು ಒಂದು ತಾಸಿನಲ್ಲಿ ಹಂಚಿಕೆಯಾಗುತ್ತದೆ. ಒಬ್ಬಳು ತವರಿಗೆ ಎರಡು ದಿನ ಹೋಗಿಬರಲು ಇನ್ನೊಬ್ಬಳು ಗಂಜಿ ಕುಡಿಸಬಲ್ಲಳು. ಅಂಥ ಬೆಂಚು ಹಾಕಿಸಲು ತಾಲ್ಲೂಕು ಆರೋಗ್ಯಾಧಿಕಾರಿಯ ಒಂದು ಮಾತು ಸಾಕು.

ಚೇತರಿಸಿಕೊಂಡವನು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾನೆ: ‘ಗಾಡಿ ಕೀಲಿ ಎಲ್ಲೈತಿ?’ ಕೊಡುವುದೋ ಬಿಡುವುದೋ ಎಂಬುದು ಮನೆಯವರ ಧೈರ್ಯದ ಪ್ರಶ್ನೆಯಲ್ಲ. ಮೂರ್ಛೆ ಬಂದಿದೆಯೇ, ದೃಷ್ಟಿಯ ಒಂದು ಪಕ್ಕ ಮಂಕಾಗಿದೆಯೇ, ಎದುರು ಎಮ್ಮೆ ಬಂದರೆ ಕೈ ಬ್ರೇಕಿಗೆ ಹೋಗಲು ಎಷ್ಟು ಹೊತ್ತಾಗುತ್ತದೆ ಎಂಬುದನ್ನು ವೈದ್ಯರು ನೋಡಿಯೇ ಹೇಳಬೇಕು. ಚಾಲನಾ ಪರವಾನಗಿಯ ನಮೂನೆ 1ರಲ್ಲೇ ಮೂರ್ಛೆ ರೋಗವಿದೆಯೇ ಎಂಬ ಪ್ರಶ್ನೆಯಿದೆ. ಹೌದಾದರೆ ಗಾಡಿ ಓಡಿಸುವ ಹಾಗಿಲ್ಲ. ವೈದ್ಯರು ಬೇಡವೆಂದರೆ ಕೀಲಿಯನ್ನು ಮನೆಯಲ್ಲಿ ಬಚ್ಚಿಟ್ಟು ದಿನಾ ಜಗಳ ಕಾಯುವುದಕ್ಕಿಂತ ಗಾಡಿಯನ್ನೇ ಬೀಗರ ಮನೆಗೆ ಕಳಿಸಿದವರು ಜಾಣರು. ಸೈಕಲ್ಲೂ ಸದ್ಯಕ್ಕೆ ಬೇಡ. ಹೊಲಕ್ಕೆ ಯಾರಾದರೂ ಜೊತೆಗಿದ್ದರೆ ನಡೆದೇ ಹೋಗಲಿ. ನಡಿಗೆಯನ್ನು ಯಾವ ಡಾಕ್ಟರೂ ಬೇಡ ಎನ್ನುವುದಿಲ್ಲ.